ಮನೆ ಮುಂದೆ ಗಾಜಿನ ಡಬ್ಬಿ ಯಾಕ್ರಪ್ಪಾ?

1/10

ಮೊದಲೇ ಹೇಳ್ಬಿಡ್ತೀನಿ. ನಮ್ಮ ಕಡೆ ಮನೆಗೆ ಗಾಜಿನ ರೂಮು ಬೇಡ. ಚನ್ನಗಿರಿಗೂ ಬೇಡ, ಹೊನ್ನಾಳಿಗೂ ಬೇಡ, ನ್ಯಾಮತಿಗೂ ಬೇಡ, ಜಗಳೂರಿಗಂತೂ ಬೇಡವೇ ಬೇಡ.

ಯಾವುದರ ಬಗ್ಗೆ ಮಾತಾಡ್ತಿದೀನಿ ಅಂತ ನಿಮಗೆ ಗೊತ್ತು. ನಿಮ್ಮ ಫೀಡ್‌ನಲ್ಲೂ ಆ ರೀಲ್ಸ್ ಬಂದಿರುತ್ತೆ. ಬಿಳಿ ಫ್ರೇಮು, ಸುತ್ತಲೂ ಗಾಜು, ತಲೆ ಮೇಲೂ ಗಾಜು, ಒಳಗೆ ಬೆತ್ತದ ಕುರ್ಚಿ, ಮೂಲೇಲಿ ಒಂದು ಗಿಡ, ಕೈಲಿ ಕಾಫಿ ಮಗ್ಗು. ಹೊರಗೆ ಮಂಜು ಸುರೀತಿರುತ್ತೆ. ಅದಕ್ಕೆ ಕನ್ಸರ್ವೇಟರಿ ಅಂತಾರೆ, ಸನ್ ರೂಮ್ ಅಂತಾರೆ. ನಮ್ಮ ಕಡೆ ಗುತ್ತಿಗೆದಾರರು ಅದನ್ನೇ "ಗ್ಲಾಸ್ ಸಿಟ್‌ಔಟ್" ಅಂತ ಮಾಡಿಕೊಟ್ಟು ಹೋಗ್ತಾರೆ. ದುಡ್ಡು ಸ್ವಲ್ಪ ಕಮ್ಮಿ ಇದ್ರೆ ಮೇಲೆ ಗಾಜಿನ ಬದಲು ಪಾರದರ್ಶಕ ಫೈಬರ್ ಶೀಟು.

ಮನೆ ದೊಡ್ಡದು ಮಾಡ್ಬೇಕು ಅನ್ನೋದು ತಪ್ಪಲ್ಲ. ಅಣ್ಣನ ಮದುವೆ ಆಗಿದೆ, ಅಜ್ಜಿಗೆ ಕೆಳಗೆ ಒಂದು ರೂಮು ಬೇಕು, ತಂಗಿಗೆ ಓದೋಕೆ ಜಾಗ ಇಲ್ಲ. ಎಲ್ಲರ ಮನೇಲೂ ಇರೋ ಕಷ್ಟ ಇದು. ನನ್ನ ಜಗಳ ಇರೋದು ಬೇರೆ ಕಡೆ. ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಕೈಗೆ ಬಂದಾಗ "ಯಾವ ಸ್ಟೈಲ್ ಹಾಕ್ಸೋಣ" ಅನ್ನೋದೇ ಮೊದಲ ಪ್ರಶ್ನೆ ಆಗ್ತಿದೆ. "ಈ ಮನೇಲಿ ಯಾರಿಗೆ ಏನು ಕಮ್ಮಿ ಇದೆ" ಅನ್ನೋದು ಪ್ರಶ್ನೇನೇ ಆಗ್ತಿಲ್ಲ.

ನಾನು ಆರ್ಕಿಟೆಕ್ಟ್ ಅಲ್ಲ, ಬಿಕಾಂ ಓದೋನು. ಅದಕ್ಕೇ ಲೆಕ್ಕ ಹಾಕಿ ಮಾತಾಡ್ತೀನಿ. ಹತ್ತು ಕ್ಯಾಪ್ಷನ್ ಇದೆ. ಉದ್ದ ಇದೆ, ಗೊತ್ತು. ಮೂರು ಲಕ್ಷ ಖರ್ಚು ಮಾಡೋಕೆ ಮುಂಚೆ ಹತ್ತು ನಿಮಿಷ ಓದೋದು ನಷ್ಟ ಅಲ್ಲ.

2/10

ಈ ಗಾಜಿನ ರೂಮು ಹುಟ್ಟಿದ್ದು ಯಾಕೆ ಅಂತ ಮೊದಲು ತಿಳ್ಕೊಳ್ಳಿ.

ಯುರೋಪಿನ ಶ್ರೀಮಂತರಿಗೆ ಕಿತ್ತಳೆ, ನಿಂಬೆ ಗಿಡ ಬೆಳೆಸೋ ಹುಚ್ಚಿತ್ತು. ಅಲ್ಲಿನ ಚಳಿಗೆ ಆ ಗಿಡ ಸತ್ತು ಹೋಗೋವು. ಅದಕ್ಕೆ ದೊಡ್ಡ ದೊಡ್ಡ ಕಿಟಕಿ ಇಟ್ಟು, ಬಿಸಿಲು ಒಳಗೆ ಹಿಡಿದಿಡೋ ಕಟ್ಟಡ ಕಟ್ಟಿದ್ರು. ಕಿತ್ತಳೆಗಾಗಿ ಕಟ್ಟಿದ್ದಕ್ಕೇ ಅದರ ಹೆಸರು ಆರೆಂಜರಿ. ಅಂದ್ರೆ ಮೊದಲು ಅದು ಗಿಡದ ಮನೆ. ಮನುಷ್ಯರು ಹೋಗಿ ಕೂತಿದ್ದು ಆಮೇಲೆ. ಇಂಗ್ಲೆಂಡಿನಲ್ಲಿ ಗಾಜಿಗೆ ತೆರಿಗೆ ಇತ್ತು. 1845ರಲ್ಲಿ ಆ ತೆರಿಗೆ ತೆಗೆದ್ರು, ಗಾಜು ಅಗ್ಗ ಆಯ್ತು. 1851ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಲಂಡನ್ನಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದ. ಅವನೂ ಮೊದಲು ತೋಟಗಾರನೇ. ಅಲ್ಲಿಂದ ಮಧ್ಯಮ ವರ್ಗದ ಮನೆ ಹಿಂದಕ್ಕೂ ಗಾಜಿನ ರೂಮು ಬಂತು. ಇವತ್ತು ಕ್ಯಾಟಲಾಗಿನಲ್ಲಿ ಬರೋ ವಿಕ್ಟೋರಿಯನ್, ಎಡ್ವರ್ಡಿಯನ್ ಅನ್ನೋ ಹೆಸರೆಲ್ಲ ಅಲ್ಲಿನ ರಾಣಿ, ರಾಜರ ಹೆಸರು.

ಅವರಿಗೆ ಅದು ಬೇಕಿತ್ತು. ಡಿಸೆಂಬರಿನಲ್ಲಿ ಲಂಡನ್ನಿನ ಹಗಲು ಸುಮಾರು ಎಂಟು ಗಂಟೆ ಅಷ್ಟೇ. ಮಧ್ಯಾಹ್ನ ಹನ್ನೆರಡಕ್ಕೂ ಸೂರ್ಯ ಆಕಾಶದಲ್ಲಿ ಸುಮಾರು 15 ಡಿಗ್ರಿ ಅಷ್ಟೇ ಮೇಲಕ್ಕೆ ಏರ್ತಾನೆ. ನಮ್ಮಲ್ಲಿ ಸಂಜೆ ಐದು ಗಂಟೆಗೆ ಸೂರ್ಯ ಎಲ್ಲಿರ್ತಾನೋ ಹೆಚ್ಚುಕಮ್ಮಿ ಅಲ್ಲಿ. ಆ ಜನಕ್ಕೆ ಬಿಸಿಲು ಅಂದ್ರೆ ಹಬ್ಬ. ಸಿಕ್ಕಷ್ಟನ್ನ ಬಾಚಿಕೊಳ್ಳೋಕೆ ಗಾಜು ಹಾಕಿದ್ರು. ಬುದ್ಧಿವಂತಿಕೆ ಕೆಲಸ, ನನ್ನ ತಕರಾರಿಲ್ಲ.

ನಾವು ಬಿಸಿಲು ಬಾಚಿಕೊಳ್ಬೇಕಾ? ನಮ್ಮ ಹಿರಿಯರು ಬಿಸಿಲಿಂದ ತಪ್ಪಿಸಿಕೊಳ್ಳೋಕೆ ಮನೆ ಕಟ್ಟಿದೋರು. ಮನೆ ಅನ್ನೋ ಮಾತಿನ ಜೊತೆಗೇ ನೆರಳು ಅನ್ನೋ ಮಾತು ಬರುತ್ತೆ ನಮ್ಮ ಭಾಷೇಲಿ. ಯಾರನ್ನಾದ್ರೂ ಹೊಗಳಬೇಕಾದ್ರೆ "ಅವರ ನೆರಳಲ್ಲಿ ಬೆಳೆದೆ" ಅಂತೀವಿ. "ಅವರ ಬಿಸಿಲಲ್ಲಿ ಬೆಳೆದೆ" ಅಂತ ಯಾರಾದ್ರೂ ಹೇಳಿದ್ದು ಕೇಳಿದೀರಾ?

3/10

ಈಗ ಲೆಕ್ಕ. ಕ್ಯಾಲ್ಕುಲೇಟರ್ ತಗೊಂಡು ಚೆಕ್ ಮಾಡಿ, ತಪ್ಪಿದ್ರೆ ಕಾಮೆಂಟಿನಲ್ಲಿ ಹೇಳಿ.

ದಾವಣಗೆರೆ ಇರೋದು ಸುಮಾರು 14.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಂದ್ರೆ ವರ್ಷಕ್ಕೆ ಎರಡು ಸಲ ಸೂರ್ಯ ನಮ್ಮ ನೆತ್ತಿ ಮೇಲೆ ನೆಟ್ಟಗೆ ಬರ್ತಾನೆ, ಏಪ್ರಿಲ್ ಕೊನೆಗೆ ಒಂದು ಸಲ, ಆಗಸ್ಟ್ ಮಧ್ಯಕ್ಕೆ ಇನ್ನೊಂದು ಸಲ. ಆ ಮಧ್ಯಾಹ್ನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳಲ್ಲ. ಅದಕ್ಕೇ ಶೂನ್ಯ ನೆರಳಿನ ದಿನ ಅಂತಾರೆ. ಏಪ್ರಿಲ್ ಅಂದ್ರೆ ನಮಗೆ ಎಂಥ ತಿಂಗಳು ಅಂತ ನಿಮಗೇ ಗೊತ್ತು. ಆ ತಿಂಗಳೇ ಸೂರ್ಯ ಗಾಜಿನ ಮಾಡಿನ ಮೇಲೆ ನೇರ ಬಂದು ಕೂರ್ತಾನೆ.

ಶುಭ್ರ ಆಕಾಶದ ನಡು ಮಧ್ಯಾಹ್ನ ಒಂದು ಚದರ ಮೀಟರ್ ನೆಲಕ್ಕೆ ಬೀಳೋ ಬಿಸಿಲಿನ ಶಕ್ತಿ ಸುಮಾರು 1,000 ವ್ಯಾಟ್. ಹತ್ತು ಅಡಿಗೆ ಹನ್ನೆರಡು ಅಡಿ ರೂಮು ಅಂದ್ರೆ 120 ಚದರ ಅಡಿ, ಸುಮಾರು 11 ಚದರ ಮೀಟರ್. ಮಾಡಿನ ಮೇಲೆ ಬೀಳೋದು 11 ಕಿಲೋವ್ಯಾಟ್. ಸಾದಾ ಗಾಜು ಅದರಲ್ಲಿ ನೂರಕ್ಕೆ 80ರಷ್ಟನ್ನ ಒಳಗೆ ಬಿಟ್ರೂ ಹತ್ತಿರ ಹತ್ತಿರ 9 ಕಿಲೋವ್ಯಾಟ್ ಒಳಗೆ ಬಂತು. ನೀವು ನೀರು ಕಾಯಿಸೋ ಒಂದು ಗೀಸರ್ ಸಾಮಾನ್ಯವಾಗಿ 2 ಕಿಲೋವ್ಯಾಟ್ ಇರುತ್ತೆ. ನಾಲ್ಕು ಗೀಸರ್ ಆನ್ ಮಾಡಿ ಮಧ್ಯದಲ್ಲಿ ಕುರ್ಚಿ ಹಾಕ್ಕೊಂಡು ಕೂತಂಗೆ.

ಬಂದ ಬಿಸಿ ಹೊರಗೆ ಹೋಗುತ್ತಾ? ಹೋಗಲ್ಲ. ಬೆಳಕನ್ನ ಒಳಗೆ ಬಿಡೋ ಗಾಜು, ಕಾದ ನೆಲ ವಾಪಸ್ ಬಿಡೋ ಶಾಖವನ್ನ ತಡೆಯುತ್ತೆ. ಕಾದ ಗಾಳಿಗೂ ಮೇಲೆ ಹೋಗೋಕೆ ದಾರಿ ಇರಲ್ಲ. ಮಧ್ಯಾಹ್ನ ಬಸ್ ಸ್ಟ್ಯಾಂಡ್ ಹತ್ತಿರ ಗ್ಲಾಸ್ ಏರಿಸಿ ನಿಲ್ಲಿಸಿದ ಕಾರಿನ ಬಾಗಿಲು ತೆಗೆದಾಗ ಮುಖಕ್ಕೆ ಏನು ಹೊಡೆಯುತ್ತೆ? ಅದೇ. ಕಾರಿಂದ ಇಳಿದು ಹೋಗಬಹುದು. ಸಾಲ ಮಾಡಿ ಕಟ್ಟಿದ ರೂಮಿಂದ ಇಳಿದು ಎಲ್ಲಿಗೆ ಹೋಗ್ತೀರಿ?

4/10

"ಹಂಗಾದ್ರೆ ಲಾಲ್‌ಬಾಗ್ ಗಾಜಿನ ಮನೆ? ನಮ್ಮ ದಾವಣಗೆರೆ ಗಾಜಿನ ಮನೆ?" ಅಂತ ಕೇಳೋರಿಗೆ ಈ ಪೋಸ್ಟು.

ಒಳ್ಳೇ ಪ್ರಶ್ನೆ. ಲಾಲ್‌ಬಾಗ್ ಗಾಜಿನ ಮನೆಗೆ 1889ರಲ್ಲಿ ಶಂಕುಸ್ಥಾಪನೆ ಆಯ್ತು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡ್ಕೊಂಡು ಮಾಡಿದ್ದು. ಇವತ್ತಿಗೂ ಅಲ್ಲಿ ಸ್ವಾತಂತ್ರ್ಯ ದಿನಕ್ಕೆ, ಗಣರಾಜ್ಯ ದಿನಕ್ಕೆ ಫಲಪುಷ್ಪ ಪ್ರದರ್ಶನ ನಡೆಯುತ್ತೆ. ನಮ್ಮ ಕುಂದುವಾಡ ಕೆರೆ ಹತ್ತಿರದ ಗಾಜಿನ ಮನೆ ಅದರ ತಮ್ಮ ಇದ್ದಂಗೆ. ನಾವೆಲ್ಲ ಕಾಲೇಜು ಬಂಕ್ ಮಾಡಿ ಹೋಗಿ ಫೋಟೋ ತೆಗೆಸ್ಕೊಂಡಿರೋ ಜಾಗವೇ. ನನ್ನ ಪ್ರೊಫೈಲಿನಲ್ಲೂ ಇದೆ ಆ ಫೋಟೋ.

ಆದ್ರೆ ಮುಂದಿನ ಸಲ ಹೋದಾಗ ಮೂರು ವಿಷಯ ಗಮನಿಸಿ. ಒಂದು, ಎತ್ತರ. ತಲೆ ಮೇಲೆ ಅಷ್ಟೊಂದು ಜಾಗ ಇರೋದ್ರಿಂದ ಕಾದ ಗಾಳಿ ಮೇಲೇರಿ ಹೋಗುತ್ತೆ. ನಿಮ್ಮ ಸಿಟ್‌ಔಟು ಒಂಬತ್ತೋ ಹತ್ತೋ ಅಡಿ. ಎರಡು, ಗಾಳಿ. ಲಾಲ್‌ಬಾಗಿನಲ್ಲಿ ಸುತ್ತಲೂ ಗೋಡೆ ಇಲ್ಲ, ತೆರೆದಂಗೇ ಇದೆ. ಬ್ರಿಟಿಷರ ಕಾಲದ ಕಟ್ಟಡವೇ ಆದ್ರೂ ಇಲ್ಲಿನ ಹವೆಗೆ ತಕ್ಕ ಹಾಗೆ ಪಕ್ಕ ಬಿಟ್ಟಿದಾರೆ. ಅದೂ ಬೆಂಗಳೂರಿನಲ್ಲಿ, ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಮೇಲಿರೋ ತಂಪು ಊರಿನಲ್ಲಿ. ದಾವಣಗೆರೆ ಅದಕ್ಕಿಂತ ಸುಮಾರು 300 ಮೀಟರ್ ಕೆಳಗಿದೆ. ಮೂರು, ಅಲ್ಲಿ ಯಾರೂ ವಾಸ ಮಾಡಲ್ಲ. ಹೂವು ನೋಡ್ತೀವಿ, ಅರ್ಧ ಗಂಟೆ ಸುತ್ತಾಡ್ತೀವಿ, ಐಸ್‌ಕ್ರೀಮ್ ತಿಂದು ಮನೆಗೆ ಬರ್ತೀವಿ.

ಅದು ಸಾರ್ವಜನಿಕ ಕಟ್ಟಡ. ನೋಡೋಕೆ ಅಂತಲೇ ಕಟ್ಟಿದ್ದು, ಅದರ ಕೆಲಸ ಅದು ಮಾಡ್ತಿದೆ. ನೋಡೋ ಕಟ್ಟಡಕ್ಕೂ ಇರೋ ಮನೆಗೂ ವ್ಯತ್ಯಾಸ ಇಲ್ವಾ? ಜಾತ್ರೆ ತೇರು ಚೆನ್ನಾಗಿದೆ ಅಂತ ಅದನ್ನೇ ಮನೆ ಮುಂದೆ ಕಟ್ಟಿಕೊಂಡು ದಿನಾ ಅದರಲ್ಲೇ ಮಲಗ್ತೀವಾ?

5/10

ಈಗ ನಮ್ಮ ಸಬ್ಜೆಕ್ಟು. ಬಂಡವಾಳ ವೆಚ್ಚ, ಕಂದಾಯ ವೆಚ್ಚ ಅಂತ ಮೊದಲ ಸೆಮಿಸ್ಟರಿನಲ್ಲೇ ಓದಿದೀವಿ. ಪರೀಕ್ಷೇಲಿ ಬರೆದು ಬಿಟ್ವಿ, ಮನೆ ವಿಷಯಕ್ಕೆ ಬಂದಾಗ ಮರೆತ್ವಿ.

ಗಾಜಿನ ರೂಮಿನ ಕೊಟೇಶನ್‌ನಲ್ಲಿ ಇರೋದು ಬಂಡವಾಳ ವೆಚ್ಚ ಮಾತ್ರ. ಅದನ್ನೇ 3 ಲಕ್ಷ ಅಂತ ಇಟ್ಕೊಳ್ಳಿ. ಸಾಲ ತಗೊಂಡ್ರೆ, ವರ್ಷಕ್ಕೆ ಶೇ 12 ಬಡ್ಡಿ, ಮೂರು ವರ್ಷದ ಕಂತು ಅಂದ್ರೆ ತಿಂಗಳಿಗೆ ಹತ್ತಿರ ಹತ್ತಿರ 9,964 ರೂಪಾಯಿ. ಮೂರು ವರ್ಷಕ್ಕೆ ಬಡ್ಡಿನೇ 58 ಸಾವಿರ ದಾಟುತ್ತೆ. ಇದು ಗೊತ್ತಿರೋ ಖರ್ಚು.

ಗೊತ್ತಿಲ್ಲದ ಖರ್ಚು ಆಮೇಲೆ ಶುರು. ಹಿಂದಿನ ಕ್ಯಾಪ್ಷನ್ನಿನ 9 ಕಿಲೋವ್ಯಾಟ್ ಬಿಸಿ ಹೊರಗೆ ಹಾಕೋಕೆ ಎಸಿ ಬೇಕಲ್ಲ? ಒಂದು ಟನ್ ಎಸಿ ಹೊರಗೆ ಹಾಕೋದು ಸುಮಾರು 3.5 ಕಿಲೋವ್ಯಾಟ್ ಬಿಸಿ. ಅಂದ್ರೆ ಎರಡೂವರೆ ಟನ್ ಬೇಕು, ಒಂದು ಚಿಕ್ಕ ರೂಮಿಗೆ! ಅದು ಸುಮಾರು ಎರಡೂವರೆ ಕಿಲೋವ್ಯಾಟ್ ಕರೆಂಟ್ ಎಳೆಯುತ್ತೆ. ಬಿಸಿಲು ಹೊತ್ತಲ್ಲಿ ದಿನಕ್ಕೆ ನಾಲ್ಕು ಗಂಟೆ ಪೂರ್ತಿ ಓಡಿದ್ರೆ 10 ಯೂನಿಟ್, ತಿಂಗಳಿಗೆ 300.

2023ರಲ್ಲಿ ಶುರುವಾದ ಗೃಹಜ್ಯೋತಿಯ ಮಿತಿ ಎಷ್ಟು? 200 ಯೂನಿಟ್. ಅದನ್ನ ದಾಟಿದ್ರೆ ಆ ತಿಂಗಳ ಬಿಲ್ಲು ಪೂರ್ತಿ ನಮ್ಮದೇ. ಅಂದ್ರೆ ಗಾಜಿನ ರೂಮಿನ ಎಸಿ ತನ್ನ ಬಿಲ್ಲು ಮಾತ್ರ ತರಲ್ಲ, ಮನೆಯ ಫ್ಯಾನು, ಫ್ರಿಜ್ಜು, ಮಿಕ್ಸಿಗೆ ಸಿಗ್ತಿದ್ದ ಉಚಿತ ಕರೆಂಟನ್ನೂ ಎತ್ಕೊಂಡು ಹೋಗುತ್ತೆ.

ಎಸಿ ಹಾಕ್ಸಲ್ಲ ಅಂದ್ರೆ? ಪರದೆ ಹಾಕ್ತೀರಿ. ಗಾಜಿಗೆ ದುಡ್ಡು ಕೊಟ್ಟು, ಆ ಗಾಜು ಮುಚ್ಚೋಕೆ ಮತ್ತೆ ದುಡ್ಡು ಕೊಡ್ತೀರಿ. ಆಮೇಲೆ ಒಳಗೆ ಕತ್ತಲೆ ಅಂತ ಲೈಟ್ ಹಾಕ್ತೀರಿ. ಇದನ್ನ ಯಾವ ಖಾತೆಗೆ ಬರೀಬೇಕು ಅಂತ ನನಗಂತೂ ಯಾವ ಲೆಕ್ಚರರೂ ಹೇಳಿಕೊಟ್ಟಿಲ್ಲ.

6/10

ನನ್ನ ಹಿಂದಿನ ಸ್ಟೋರಿಗೆ ಬಂದ ವಾದಗಳಿಗೆ ಒಂದೊಂದಾಗಿ ಉತ್ತರ.

"ಬಿಸಿಲು ತಡೆಯೋ ಸ್ಪೆಷಲ್ ಗ್ಲಾಸ್ ಇದೆ ಮಾರಾಯ." ಇದೆ. ಒಳ್ಳೇ ಗುಣಮಟ್ಟದ್ದು ಬಿಸಿಲಿನ ಶಾಖದಲ್ಲಿ ನೂರಕ್ಕೆ ಮೂವತ್ತರಷ್ಟು ಮಾತ್ರ ಒಳಗೆ ಬಿಡುತ್ತೆ ಅಂತಲೇ ಇಟ್ಕೊಳ್ಳೋಣ. 11ರಲ್ಲಿ ಮೂವತ್ತು ಪರ್ಸೆಂಟ್ 3.3 ಕಿಲೋವ್ಯಾಟ್. ಒಂದೂವರೆ ಗೀಸರ್. ಜಾಸ್ತಿ ದುಡ್ಡು ಕೊಟ್ಟು ನಾಲ್ಕು ಗೀಸರಿಂದ ಒಂದೂವರೆಗೆ ಬಂದ್ವಿ. ಒಂದು ಹೆಂಚಿನ ಮಾಡು, ಒಂದು ಬೇವಿನ ಮರ ಇದಕ್ಕಿಂತ ಅಗ್ಗಕ್ಕೆ ಇದಕ್ಕಿಂತ ತಂಪು ಕೊಡುತ್ತೆ.

"ಟಫನ್ಡ್ ಗ್ಲಾಸ್ ಒಡೆಯಲ್ಲ." ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ, ನಿಜ. ಆದ್ರೆ ಒಡೆಯಲ್ಲ ಅನ್ನೋದು ಸುಳ್ಳು. ಒಡೆದ್ರೆ ಪೂರ್ತಿ ಹಾಳೆ ಒಂದೇ ಸಲಕ್ಕೆ ಸಣ್ಣ ಸಣ್ಣ ಚೂರಾಗಿ ಉದುರುತ್ತೆ. ತಲೆ ಮೇಲೆ ಹಾಕೋದಾದ್ರೆ ಮಧ್ಯೆ ಪದರ ಇರೋ ಲ್ಯಾಮಿನೇಟೆಡ್ ಗಾಜೇ ಬೇಕು, ಅದು ಒಡೆದ್ರೂ ಪದರಕ್ಕೆ ಅಂಟಿಕೊಂಡಿರುತ್ತೆ. ನಿಮಗೆ ಕೊಟೇಶನ್ ಕೊಟ್ಟೋರು ಈ ವ್ಯತ್ಯಾಸ ಹೇಳಿದ್ರಾ? ಬೇಸಿಗೆ ಕೊನೇಲಿ ಬರೋ ಆನೆಕಲ್ಲು ಮಳೆ ಬಗ್ಗೆ, ಚನ್ನಗಿರಿ, ನ್ಯಾಮತಿ ಕಡೆಯ ಕೋತಿಗಳ ಬಗ್ಗೆ ಏನಾದ್ರೂ ಕೇಳಿದ್ರಾ?

"ಫೈಬರ್ ಶೀಟ್ ಹಾಕಿದ್ರೆ ಆಯ್ತು." ಬಿಸಿಲಿಗೆ ವರ್ಷಗಳಲ್ಲಿ ಹಳದಿ ತಿರುಗುತ್ತೆ, ಮಳೆ ಬಂದ್ರೆ ಒಳಗೆ ಮಾತು ಕೇಳಲ್ಲ, ಬಿಸಿ ಹೆಚ್ಚುಕಮ್ಮಿ ಅಷ್ಟೇ.

"ಬೆಳಕು ಬೇಡ್ವಾ?" ಬೇಕು. ಬೆಳಕು ಬೇಕು, ಬಿಸಿಲು ಬೇಡ. ಇವೆರಡೂ ಒಂದೇ ಅಲ್ಲ. ಉತ್ತರ ದಿಕ್ಕಿಗೆ ದೊಡ್ಡ ಕಿಟಕಿ ಇಡಿ, ವರ್ಷದ ಬಹುಪಾಲು ನೇರ ಬಿಸಿಲು ಬರದೆ ಬೆಳಕು ಮಾತ್ರ ಬರುತ್ತೆ. ಪಡುವಣ ಗೋಡೆಗೆ ಗಾಜು ಹಾಕ್ಸಿದೋರಿಗೆ ನಾನೇನೂ ಹೇಳಲ್ಲ, ಸಂಜೆ ನಾಲ್ಕು ಗಂಟೆಗೆ ಆ ಗೋಡೇನೇ ಹೇಳುತ್ತೆ.

ಇನ್ನೊಂದು ಮಾತು. ಇಂಗ್ಲೆಂಡಿನಲ್ಲೇ ಹುಟ್ಟಿದ ಲಾರಿ ಬೇಕರ್ ಅನ್ನೋ ಆರ್ಕಿಟೆಕ್ಟ್ ಕೇರಳಕ್ಕೆ ಬಂದು ನೆಲೆಸಿದ್ರು. ಆ ಮನುಷ್ಯ ಇಲ್ಲಿ ಗಾಜಿನ ರೂಮು ಕಟ್ಟುತ್ತಾ ಕೂರಲಿಲ್ಲ. ಇಟ್ಟಿಗೆ ನಡುವೆ ಸಂದಿ ಬಿಟ್ಟು ಜಾಲಿ ಗೋಡೆ ಕಟ್ಟಿದ್ರು. ಬೆಳಕು ಬರುತ್ತೆ, ಗಾಳಿ ಬರುತ್ತೆ, ಬಿಸಿಲು ಚೂರು ಚೂರಾಗಿ ನೆಲಕ್ಕೆ ಬೀಳುತ್ತೆ. ಗಾಜಿನ ಖರ್ಚೂ ಇಲ್ಲ. ಅಲ್ಲಿಂದ ಬಂದೋರಿಗೆ ಅರ್ಥ ಆಗಿದ್ದು ಇಲ್ಲೇ ಇರೋ ನಮಗೆ ಅರ್ಥ ಆಗಲ್ವಾ?

7/10

ಇಲ್ಲಿವರೆಗೂ ಲೈಕ್ ಕೊಟ್ಟ ಕೆಲವರು ಇಲ್ಲಿ ಬೇಜಾರಾಗಬಹುದು. ಪರವಾಗಿಲ್ಲ.

ಗಾಜು ಬೇಡ ಅಂದ ತಕ್ಷಣ "ಹೌದು, ನಮ್ಮ ಹಳೇ ಮನೇನೇ ಚೆಂದ, ಜಗಲಿ, ಪಡಸಾಲೆ, ಎಂಥ ಸಂಸ್ಕೃತಿ" ಅಂತ ಶುರು ಮಾಡ್ತಾರೆ. ನಾನು ಆ ಗುಂಪಿಗೂ ಸೇರಲ್ಲ. ಜಗಲಿ ತಂಪಾಗಿತ್ತು, ಒಪ್ಪಿದೆ. ಆದ್ರೆ ಆ ಜಗಲಿ ಮೇಲೆ ಯಾರು ಕೂರಬಹುದಿತ್ತು? ಯಾರು ಅಂಗಳದಲ್ಲೇ ನಿಂತು ಮಾತಾಡ್ಬೇಕಿತ್ತು? ಯಾರಿಗೆ ಬೇರೆ ಲೋಟ ಇತ್ತು? ನಮ್ಮ ನಮ್ಮ ಅಜ್ಜಂದಿರನ್ನ ಕೇಳಿ, ಹೇಳೋಕೆ ಮನಸ್ಸಿದ್ದೋರು ಹೇಳ್ತಾರೆ. ಮನೆಯ ಹೆಣ್ಣುಮಕ್ಕಳು ಮಧ್ಯಾಹ್ನ ಆ ಜಗಲಿ ಮೇಲೆ ಕಾಲು ಚಾಚಿ ಕೂರೋಕೆ ಆಗ್ತಿತ್ತಾ? ಗಂಡಸರು ಬಂದ ಕೂಡಲೇ ಎದ್ದು ಒಳಗೆ ಹೋಗ್ಬೇಕಿತ್ತು.

ಹಂಗಾಗಿ ಹಳೇ ಜಗಲಿಯ ನೆರಳು ಬೇಕು, ಹಳೇ ಜಗಲಿಯ ಕಟ್ಟಳೆ ಬೇಡ.

ಗಾಜಿನ ಸಿಟ್‌ಔಟು ಆ ಕಟ್ಟಳೆ ತೆಗೆದು ಹಾಕ್ತಾ? ಇಲ್ಲ. ಹೊಸ ಬಟ್ಟೆ ಹಾಕಿದೆ ಅಷ್ಟೇ. ಕೆಲಸಕ್ಕೆ ಬಂದೋರು ಗಾಜಿನ ಆಚೆ, ಸೋಫಾ ಈಚೆ. ಮೊದಲು ಗೋಡೆ ಮರೆ ಮಾಡ್ತಿತ್ತು, ಈಗ ಎಲ್ಲ ಕಾಣುತ್ತೆ, ಒಳಗೆ ಬರಂಗಿಲ್ಲ.

ಮತ್ತೆ ಮನೆಯೊಳಗೆ? ನಮ್ಮನೇಲೂ ಈಗ ವಿಸ್ತರಣೆ ಚರ್ಚೆ ನಡೀತಿದೆ. ಅಪ್ಪಾಜಿ ಕೈಲಿ ಒಂದು ಕ್ಯಾಟಲಾಗ್ ಇದೆ. ಅಮ್ಮನ ಅಡಿಗೆಮನೇಲಿ ಹಗಲು ಹನ್ನೆರಡು ಗಂಟೆಗೂ ಟ್ಯೂಬ್‌ಲೈಟ್ ಹಾಕ್ಬೇಕು. ಇರೋದು ಒಂದೇ ಕಿಟಕಿ, ಅದೂ ಪಕ್ಕದ ಮನೆ ಗೋಡೆಗೆ. ದಿನಕ್ಕೆ ಐದಾರು ಗಂಟೆ ಒಬ್ಬರು ನಿಲ್ಲೋ ಜಾಗಕ್ಕೆ ಬೆಳಕಿಲ್ಲ, ನೆಂಟರು ತಿಂಗಳಿಗೊಮ್ಮೆ ಅರ್ಧ ಗಂಟೆ ಕೂರೋ ಜಾಗಕ್ಕೆ ನಾಲ್ಕೂ ಕಡೆ ಬೆಳಕು! ಇದು ನಮ್ಮನೆ ಕತೆ ಮಾತ್ರ ಆಗಿದ್ರೆ ನಾನು ಮನೇಲೇ ಮಾತಾಡಿ ಸುಮ್ಮನಾಗ್ತಿದ್ದೆ. ನಿಮ್ಮ ನಿಮ್ಮ ಅಡಿಗೆಮನೆ ಒಂದು ಸಲ ಎದ್ದು ಹೋಗಿ ನೋಡಿ ಬನ್ನಿ, ಆಮೇಲೆ ಮುಂದಿನ ಕ್ಯಾಪ್ಷನ್ ಓದಿ.

ಅಪ್ಪಾಜಿ, ನೀವೂ ಇದನ್ನ ಓದ್ತೀರಿ ಅಂತ ಗೊತ್ತು. ಎದುರು ಹೇಳಿದ್ದನ್ನೇ ಇಲ್ಲೂ ಬರೆದಿದೀನಿ, ಬೇರೆ ಏನಿಲ್ಲ.

8/10

ಸರಿ, ಬೇಡ ಅಂದಿದ್ದಾಯ್ತು. ಹಂಗಾದ್ರೆ ಏನು ಕಟ್ಟಬೇಕು? ಕ್ಯಾಟಲಾಗಿನಲ್ಲಿ ನಾಲ್ಕು ಸ್ಟೈಲ್ ಇರುತ್ತಲ್ಲ, ನಾನೂ ನಾಲ್ಕು ಕೊಡ್ತೀನಿ. ಹೆಸರು ರಾಣಿ ರಾಜರದ್ದಲ್ಲ, ತಾಲ್ಲೂಕಿನದ್ದು.

1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದ್ವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆ ತಾಲ್ಲೂಕಾಯ್ತು. ಜಿಲ್ಲೆ ಒಂದೇ, ಆದ್ರೆ ಮಳೆ, ಮಣ್ಣು, ಬೆಳೆ ಒಂದೇ ಅಲ್ಲ. ಒಂದೇ ಕ್ಯಾಟಲಾಗಿನ ಒಂದೇ ಡಿಸೈನು ನಾಲ್ಕೂ ಕಡೆ ಹೆಂಗೆ ಸರಿಹೋಗುತ್ತೆ?

ಚನ್ನಗಿರಿ ಸ್ಟೈಲ್. ಇದು ಅಡಿಕೆ ಊರು. ಮನೆ ವಿಸ್ತರಿಸೋ ದುಡ್ಡು ಬರೋದೇ ಅಡಿಕೆಯಿಂದ, ಆದ್ರೆ ವಿಸ್ತರಣೆ ಪ್ಲಾನಿನಲ್ಲಿ ಅಡಿಕೆಗೆ ಜಾಗ ಇಲ್ಲ! ಸುಗ್ಗೀಲಿ ಹೆಣ್ಣುಮಕ್ಕಳು ಮೆಟ್ಟುಗತ್ತಿ ಹಿಡಿದು ಬಗ್ಗಿ ಕೂತು ಸುಲಿಯೋದು ಎಲ್ಲಿ? ತಗಡಿನ ಶೀಟಿನ ಕೆಳಗೆ, ಬಲ್ಬಿನ ಬೆಳಕಲ್ಲಿ. ಹಿತ್ತಲಿಗೆ ಎತ್ತರದ ಹೆಂಚಿನ ಮಾಡು, ಮೂರು ಕಡೆ ತೆರೆದ ದೊಡ್ಡ ಪಡಸಾಲೆ ಕಟ್ಟಿ. ಸುಗ್ಗೀಲಿ ಸುಲಿಯೋಕೆ, ಉಳಿದ ತಿಂಗಳು ಊಟಕ್ಕೆ, ಓದೋಕೆ, ನಿದ್ದೆಗೆ. ಪಾರದರ್ಶಕ ಶೀಟಿನ ಮೇಲೆ ಆಸೆ ಇದ್ರೆ ಅಡಿಕೆ ಒಣಗಿಸೋ ಶೆಡ್ಡಿಗೆ ಹಾಕಿ. ಮನುಷ್ಯರನ್ನ ಬೇಯಿಸೋ ಬಿಸಿ ಅಡಿಕೆಯನ್ನ ಚೆನ್ನಾಗಿ ಒಣಗಿಸುತ್ತೆ, ದಿಢೀರ್ ಮಳೆಗೂ ಹೆದರಬೇಕಿಲ್ಲ. ಗಾಜಿನ ಮನೆಯ ಅಸಲಿ ಕೆಲಸ ಅದೇ.

ಹೊನ್ನಾಳಿ ಸ್ಟೈಲ್. ತುಂಗಭದ್ರೆ ಪಕ್ಕದಲ್ಲೇ ಇದಾಳೆ. ಮಳೆಗಾಲ ಜೋರಾದ್ರೆ ಬಾಲರಾಜ್ ಘಾಟ್ ಕಡೆ ನೀರು ನುಗ್ಗಿದ ಸುದ್ದಿ ಬರುತ್ತೆ. ಹೊಳೆ ಹತ್ತಿರ, ತಗ್ಗಿನಲ್ಲಿ ಮನೆ ಇದ್ರೆ ಮೊದಲ ದುಡ್ಡು ಪಾಯ ಎತ್ತರಿಸೋಕೆ ಹೋಗ್ಲಿ. ಸುತ್ತ ಗದ್ದೆ, ಕಾಲುವೆ, ಅಂದ್ರೆ ಸೆಕೆ ಮತ್ತು ಸೊಳ್ಳೆ. ಎತ್ತರದ ಕಟ್ಟೆ, ಅದರ ಮೇಲೆ ಜಾಲಿ ಗೋಡೆ, ಒಳಗಡೆ ಸೊಳ್ಳೆ ಪರದೆ ಬಡಿದ ಫ್ರೇಮು. ಗಾಜು ಸೊಳ್ಳೆ ಜೊತೆಗೆ ಗಾಳೀನೂ ತಡೆಯುತ್ತೆ, ಜಾಲಿ ಮತ್ತೆ ಪರದೆ ಸೊಳ್ಳೆ ಮಾತ್ರ ತಡೆಯುತ್ತೆ. ಹೊಳೆ ಗಾಳಿ ಪುಕ್ಕಟೆ ಬರ್ತಿರೋವಾಗ ಅದನ್ನ ಹೊರಗೆ ನಿಲ್ಲಿಸೋದು ಯಾವ ಜಾಣತನ?

9/10

ನ್ಯಾಮತಿ ಸ್ಟೈಲ್. ಸವಳಂಗ ಕಡೆ ಹೋದಂಗೆ ಮಲೆನಾಡಿನ ಅಂಚು ಶುರುವಾಗುತ್ತೆ. ಮಳೆ ಓರೆಯಾಗಿ ಬೀಸಿ ಹೊಡೆಯುತ್ತೆ. ಇಲ್ಲಿಗೆ ಇಳಿಜಾರು ಮಾಡು, ಗೋಡೆಯಿಂದ ಮೂರು ಅಡಿ ಹೊರಗೆ ಚಾಚಿದ ಸೂರು. ಮಂಗಳೂರು ಹೆಂಚು ಇದೆಯಲ್ಲ, 1865ರಲ್ಲಿ ಬಾಸೆಲ್ ಮಿಷನ್ನಿನೋರು ಮಂಗಳೂರಿನ ಜೆಪ್ಪುನಲ್ಲಿ ಕಾರ್ಖಾನೆ ಶುರು ಮಾಡಿ ಹಬ್ಬಿಸಿದ್ದು. ಅದೂ ಹೊರಗಿನೋರು ತಂದಿದ್ದೇ. ನೋಡಿ, ಹೊರಗಿನದ್ದು ಅನ್ನೋ ಕಾರಣಕ್ಕೆ ನಾನು ಯಾವುದನ್ನೂ ಬೇಡ ಅಂತಿಲ್ಲ. ಹೆಂಚು ಇಲ್ಲಿನ ಮಣ್ಣಲ್ಲಿ ಆಯ್ತು, ಇಲ್ಲಿನ ಮಳೆ ತಡೀತು, ನಮ್ಮದಾಯ್ತು. ಒಂದು ಒಡೆದ್ರೆ ಒಂದೇ ಬದಲಾಯಿಸಿದ್ರೆ ಸಾಕು, ಊರಿನ ಮೇಸ್ತ್ರಿನೇ ಬಂದು ಮಾಡ್ತಾರೆ. ಗಾಜಿನ ಹಾಳೆಗೆ ದಾವಣಗೆರೆಗೋ ಶಿವಮೊಗ್ಗಕ್ಕೋ ಫೋನ್ ಮಾಡಿ ಕಾಯ್ಬೇಕು. ಮತ್ತೆ ಫೆಬ್ರವರೀಲಿ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿಗೆ ಎಲ್ಲಿಂದೆಲ್ಲಿಂದಲೋ ಜನ ಬರ್ತಾರಲ್ಲ, ಸುತ್ತಮುತ್ತಲ ಮನೆಗಳಲ್ಲಿ ನೆಂಟರು ತುಂಬಿರ್ತಾರೆ. ಇಪ್ಪತ್ತು ಚಾಪೆ ಹಾಸೋ ಪಡಸಾಲೆ ಬೇಕು, ನಾಲ್ಕು ಕುರ್ಚಿಯ ಗಾಜಿನ ಡಬ್ಬಿ ಅಲ್ಲ.

ಜಗಳೂರು ಸ್ಟೈಲ್. ಜಿಲ್ಲೆಯ ಒಣ ತಾಲ್ಲೂಕು. ರಂಗಯ್ಯನದುರ್ಗದ ಕೊಂಡುಕುರಿಗಳೇ ನೆರಳು ಹುಡುಕೋ ಊರು. ಇಲ್ಲಿನ ಹಳೇ ಮಾಳಿಗೆ ಮನೆಗಳ ದಪ್ಪ ಗೋಡೆ ಮಧ್ಯಾಹ್ನದ ಬಿಸಿ ಒಳಗೆ ಬರೋದನ್ನ ಸಂಜೆವರೆಗೂ ತಡೀತಿತ್ತು. ಬೆಳಕಿಗೆ ಮಾಳಿಗೆ ಮೇಲೆ ಒಂದು ಚಿಕ್ಕ ಗವಾಕ್ಷಿ. ಅಷ್ಟೇ ಗಾಜು ಸಾಕು ಸ್ವಾಮಿ, ಒಂದು ಅಡಿಗೆ ಒಂದು ಅಡಿ! ಹೊಸ ರೂಮು ಕಟ್ಟೋದಾದ್ರೆ ಗೋಡೆ ನಡುವೆ ಟೊಳ್ಳು ಬಿಟ್ಟು ಕಟ್ಟೋ ರ‍್ಯಾಟ್ ಟ್ರ್ಯಾಪ್ ಬಾಂಡ್ ಬಗ್ಗೆ ಮೇಸ್ತ್ರಿಯನ್ನ ಕೇಳಿ. ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತೆ, ಟೊಳ್ಳಿನ ಗಾಳಿ ಬಿಸಿ ತಡೆಯುತ್ತೆ.

ಮತ್ತೆ ನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್. ಆ 11 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಬಿದ್ರೂ 5,500 ಲೀಟರ್. ಪೈಪು ಹಾಕಿ ತೊಟ್ಟಿಗೆ ಬಿಡಿ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರೋ ಊರುಗಳಿಗೆ ಮಳೆನೀರು ಅಂದ್ರೆ ಏನು ಅಂತ ಜಗಳೂರಿನೋರಿಗೆ ನಾನು ಹೇಳ್ಬೇಕಿಲ್ಲ. ಇಂಥ ಕಡೆ ಗಾಜು ಹಾಕಿ, ಮೆಕ್ಕೆಜೋಳದ ಧೂಳು ಕೂತಾಗಲೆಲ್ಲ ತೊಳೆಯೋಕೆ ನೀರು ಎಲ್ಲಿಂದ ತರ್ತೀರಿ? ತೊಳೆಯೋರು ಯಾರು? ಅದನ್ನೂ ಅಮ್ಮನ ಲೆಕ್ಕಕ್ಕೇ ಬರೀತೀರಾ?

10/10

"ನಿನಗ್ಯಾಕೆ? ಅವರ ದುಡ್ಡು, ಅವರ ಮನೆ." ಹೌದು. ಅವರ ದುಡ್ಡು, ಅವರ ಇಷ್ಟ. ಆದ್ರೆ ಅವರ ಮನೇಲಿ ಇರೋರು ನಾವು. ಸಾಲದ ಕಂತು ಮುಗಿಯೋ ಹೊತ್ತಿಗೆ ದುಡಿಯೋ ವಯಸ್ಸು ನಮ್ಮದಾಗಿರುತ್ತೆ. ಆ ಕಂತಿನಿಂದ ತಂಗಿಯ ಪಿಜಿ ಫೀಸು ಮುಂದಕ್ಕೆ ಹೋದ್ರೆ ಅದೂ ನಮ್ಮ ಮನೆಯದ್ದೇ. ಮಾತಾಡೋ ಹಕ್ಕು ನಮಗಿದೆ. ಇನ್ನೊಂದು ನಿಜಾನೂ ಹೇಳ್ಬೇಕು. ಈ ಗಾಜಿನ ಆಸೆ ಎಷ್ಟೋ ಮನೇಲಿ ಅಪ್ಪ ಅಮ್ಮನಿಗೆ ಹತ್ತಿಸಿದ್ದು ನಮ್ಮ ವಯಸ್ಸಿನೋರೇ, "ಫೋಟೋ ಚೆನ್ನಾಗಿ ಬರುತ್ತೆ" ಅಂತ. ಫೋಟೋಗೆ ಕುಂದುವಾಡಕ್ಕೆ ಹೋಗೋಣ ಬನ್ನಿ, ಮೂರು ಲಕ್ಷ ಉಳಿಯುತ್ತೆ.

ನಿಮ್ಮನೇಲಿ ವಿಸ್ತರಣೆ ಮಾತು ಬಂದ್ರೆ ಈ ಪ್ರಶ್ನೆ ಮುಂದಿಡಿ. ಜಗಳ ಆಡ್ಬೇಡಿ, ಕೇಳಿ ಅಷ್ಟೇ.

ಈಗ ಇರೋ ಮನೇಲಿ ಅತಿ ಹೆಚ್ಚು ಹೊತ್ತು ಕಳೆಯೋರು ಯಾರು, ಅವರಿಗೆ ಏನು ಕಮ್ಮಿ ಇದೆ?

ಹೊಸ ಜಾಗ ಯಾವ ದಿಕ್ಕಿಗಿದೆ, ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿ ನಿಂತು ನೋಡಿದೀರಾ?

ಫ್ಯಾನು ಹಾಕದೆ ಅಲ್ಲಿ ಗಾಳಿ ಆಡುತ್ತಾ? ಬಂದ ಗಾಳಿ ಹೊರಗೆ ಹೋಗೋಕೆ ಎದುರಿಗೆ ದಾರಿ ಇದೆಯಾ?

ಏನಾದ್ರೂ ಕೆಟ್ರೆ ಊರಿನೋರೇ ರಿಪೇರಿ ಮಾಡ್ತಾರಾ?

ಗುಡಿಸೋದು, ಒರೆಸೋದು, ತೊಳೆಯೋದು ಯಾರ ಪಾಲಿಗೆ ಬರುತ್ತೆ, ಅವರನ್ನ ಕೇಳಿದೀರಾ?

ಬಾಗಿಲಿಗೆ ಬಂದೋರು ಯಾರೇ ಆಗಿರ್ಲಿ, ಅಲ್ಲಿ ಕೂರಬಹುದಾ?

ಈ ಆರಕ್ಕೂ ಉತ್ತರ ಸರಿಯಿದ್ರೆ ಯಾವ ಸ್ಟೈಲಾದ್ರೂ ಕಟ್ಟಿ, ನಾನೇ ಬಂದು ರೀಲ್ಸ್ ಮಾಡಿಕೊಡ್ತೀನಿ. ಉತ್ತರ ಬರಲಿಲ್ಲ ಅಂದ್ರೆ ದುಡ್ಡು ಬ್ಯಾಂಕಲ್ಲೇ ಇರ್ಲಿ. ಸದ್ಯಕ್ಕೆ ಅಡಿಗೆಮನೆ ಗೋಡೆ ಒಡೆಸಿ ಒಂದು ಒಳ್ಳೇ ಕಿಟಕಿ ಇಡಿಸಿ. ಖರ್ಚು ಸಾವಿರಗಳಲ್ಲಿ ಮುಗಿಯುತ್ತೆ, ಲಕ್ಷ ಬೇಕಿಲ್ಲ.

ಸೇವ್ ಮಾಡ್ಕೊಳ್ಳಿ, ಫ್ಯಾಮಿಲಿ ಗ್ರೂಪಿಗೆ ಕಳಿಸಿ. ನಿಮ್ಮೂರಲ್ಲಿ ತಂಪಾಗಿರೋ ಪಡಸಾಲೆ, ಜಾಲಿ ಗೋಡೆ, ಗವಾಕ್ಷಿ ಇದ್ರೆ ಮನೆಯೋರನ್ನ ಕೇಳಿ ಫೋಟೋ ತೆಗೆದು ಟ್ಯಾಗ್ ಮಾಡಿ, ಊರು ಹೆಸರು ಹಾಕಿ. ಮುಂದಿನ ಸೀರೀಸಿಗೆ ಅದನ್ನೇ ಹಾಕೋಣ. ಗಾಜಿನ ರೂಮು ಕಟ್ಟಿ ಏಪ್ರಿಲ್‌ನಲ್ಲೂ ತಂಪಾಗಿದೀವಿ ಅನ್ನೋರು ಥರ್ಮಾಮೀಟರ್ ಜೊತೆ ಫೋಟೋ ಹಾಕಿ. ಮಧ್ಯಾಹ್ನ ಎರಡು ಗಂಟೆದ್ದು, ಎಸಿ ಆಫ್ ಮಾಡಿ.

#ನೆರಳುಬೇಕು #ಗಾಜುಬೇಡ #ಚನ್ನಗಿರಿ #ಹೊನ್ನಾಳಿ #ನ್ಯಾಮತಿ #ಜಗಳೂರು #ದಾವಣಗೆರೆ #ಅಡಿಗೆಮನೆಗೆಕಿಟಕಿ